ಬಂಗಾರ ಬಿಚ್ಚಿದವರು, ಕಬ್ಬಿಣ ಬಿಡದವರು

"ಮೈಮ್ಯಾಗ ಕಬ್ಬಿಣ ಏನರ ಐತೇನ್ರಿ?"

ಈ ಒಂದು ಪ್ರಶ್ನೆ ಕೇಳಿಕೊಂಡೇ ನಾನು ಹೊಟ್ಟೆ ಹೊರೆಯುತ್ತಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂ.ಆರ್.ಐ. ಮಷೀನು ನಡೆಸುವುದು ನನ್ನ ಕೆಲಸ. ಮಷೀನು ಅಂದರೆ ಮತ್ತೇನಿಲ್ಲ, ಒಬ್ಬ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಲೋಹಚುಂಬಕ. ಆ ಕೋಣೆಯೊಳಗೆ ಕಬ್ಬಿಣ ಹೋಗಕೂಡದು. ಹೋದರೆ ಅದು ಕೈಯಲ್ಲಾಗಲಿ ಜೇಬಿನಲ್ಲಾಗಲಿ ನಿಲ್ಲುವುದಿಲ್ಲ. ಹಾರಿ ಹೋಗಿ ಮಷೀನಿಗೆ ಬಡಿಯುತ್ತದೆ. ನಡುವೆ ಯಾರ ತಲೆ ಇದೆ, ಯಾರ ಕಣ್ಣು ಇದೆ ಎಂದು ಅದು ನೋಡುವುದಿಲ್ಲ. ಅದಕ್ಕೇ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಎಲ್ಲರೂ "ಇಲ್ರೀ" ಎನ್ನುತ್ತಾರೆ. ಎಲ್ಲರ ಹತ್ತಿರವೂ ಏನಾದರೊಂದು ಇರುತ್ತದೆ.

ನಮ್ಮ ಕಡೆಯ ಜನ ಒಂದು ವಿಚಿತ್ರ ತಪ್ಪು ಮಾಡುತ್ತಾರೆ. ಮೈಮೇಲಿನದು ತೆಗೆದಿಡಿ ಎಂದರೆ ಮೊದಲು ಬಂಗಾರ ಬಿಚ್ಚುತ್ತಾರೆ. ಬೋರಮಾಳ, ಬೆಂಡೋಲೆ, ಪಾಟ್ಲಿ, ಎಲ್ಲ ಕರ್ಚೀಫಿನಲ್ಲಿ ಗಂಟು ಕಟ್ಟಿ ಮಗಳ ಕೈಗೆ ಕೊಟ್ಟು, "ಹುಷಾರಿ, ಅತ್ತಾಗಿತ್ತಾಗ ಹೋಗಬ್ಯಾಡ" ಎಂದು ಹತ್ತು ಸಲ ಹೇಳಿ ಬರುತ್ತಾರೆ. ಖರೆ ಹೇಳಬೇಕೆಂದರೆ ಬಂಗಾರವನ್ನು ಆ ಚುಂಬಕ ಎಳೆಯುವುದೇ ಇಲ್ಲ. ಚಿತ್ರ ಕೆಡುತ್ತದೆ, ಬಿಸಿಯಾಗಬಹುದು ಎಂದು ತೆಗೆಸುತ್ತೇವೆ ಅಷ್ಟೆ. ಎಳೆಯುವುದು ಕಬ್ಬಿಣವನ್ನು. ಆ ಕಬ್ಬಿಣ ಮಾತ್ರ ಯಾರಿಗೂ ನೆನಪಾಗುವುದಿಲ್ಲ, ಏಕೆಂದರೆ ಅದು ಒಡವೆಯಲ್ಲ, ಯಾರೂ ಕದಿಯುವುದಿಲ್ಲ. ತಾಳಿ ಸರಕ್ಕೆ ಸಿಕ್ಕಿಸಿದ ಪಿನ್ನು, ಬಳೆಗೆ ಸಿಕ್ಕಿಸಿದ ಪಿನ್ನು, ಉಡಿದಾರಕ್ಕೆ ಕಟ್ಟಿದ ಟ್ರಂಕಿನ ಕೀಲಿಕೈ, ದೃಷ್ಟಿ ತಾಗಬಾರದೆಂದು ಕೂಸಿನ ಕೊರಳ ದಾರಕ್ಕೆ ಸುತ್ತಿದ ಮೊಳೆ. ಒಬ್ಬ ಬಾಣಂತಿಯ ತಾಯಿ ಮಗಳ ಗೌನಿನ ತೋಳಿನೊಳಗೆ ಒಂದು ಸಣ್ಣ ಚೂರಿಯನ್ನೇ ಇಟ್ಟು ಕಳಿಸಿದ್ದಳು. ಬಾಣಂತಿ ಬರಿಗೈಯಲ್ಲಿ ಇರಬಾರದಂತೆ, ಕಬ್ಬಿಣ ಇರಬೇಕಂತೆ! ಬಾಗಿಲಲ್ಲಿ ಸಿಕ್ಕಿತು, ಬಚಾವಾದೆವು. "ಯವ್ವಾ, ಮಗಳನ್ನ ಕೊಲ್ಲಾಕ ತಂದಿಯೇನ ಇದನ್ನ?" ಎಂದು ನಾನು ಎಲ್ಲರೆದುರು ಕೂಗಾಡಿದೆ. ಆ ತಾಯಿ ಅಳುತ್ತ ಚೂರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಬಿಸಾಡಲಿಲ್ಲ, ಎದೆಗೆ ಹಿಡಿದುಕೊಂಡು ಕೂತಳು.

ಸಿಟ್ಟು ನನ್ನ ಹುಟ್ಟುಗುಣ. "ಇಕಿ ಬಾಯಿ ನೋಡಿದ್ರ ಮಷೀನ ತಾನ ಹೆದರತೈತಿ" ಎಂದು ನನ್ನ ಗಂಡ ನಗುತ್ತಿದ್ದರು. ಅವರು ತೀರಿಹೋದ ಮೇಲೆ ಆ ಸಿಟ್ಟೂ ಬಾಯಿಗಷ್ಟೇ ಉಳಿಯಿತು. ಒಳಗೆ ಏನೂ ಇರುತ್ತಿರಲಿಲ್ಲ.

ಅವರದು ಅದೇ ರಸ್ತೆಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರು, ಮಿಕ್ಸರಿನ ಮೋಟಾರು ಬಿಚ್ಚಿ, ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು. ನಾನು ಮಷೀನಿನ ವಿಷಯ ಹೇಳಿದರೆ ಅವರಿಗೆ ಲಗೂನೆ ತಿಳಿಯುತ್ತಿತ್ತು. ತಂತಿಯಲ್ಲಿ ಕರೆಂಟ್ ಹರಿದರೆ ಅದರ ಸುತ್ತ ಚುಂಬಕತ್ವ ಹುಟ್ಟುತ್ತದೆ, ಅದೇ ತಂತಿಯನ್ನು ಸುರುಳಿ ಸುತ್ತಿದರೆ ಒಂದೊಂದು ಸುತ್ತಿನ ಬಲವೂ ಕೂಡಿ ನಡುವಿನ ಪೊಳ್ಳಿನಲ್ಲಿ ಗಟ್ಟಿಯಾಗುತ್ತದೆ. ಇದು ಅವರು ಕೈಯಿಂದಲೇ ಕಲಿತದ್ದು. ಆದರೆ ಒಂದು ಮಾತನ್ನು ಮಾತ್ರ ಅವರು ಬಹಳ ದಿನ ನಂಬಲಿಲ್ಲ.

"ರಾತ್ರಿ ಬಂದ್ ಮಾಡೂದಿಲ್ಲೇನು ಅದನ್ನ?"

"ಚುಂಬಕ ಬಂದ್ ಆಗಂಗಿಲ್ರಿ. ಕರೆಂಟ್ ಹೋದ್ರೂ ಅದು ಇದ್ದಾಂಗ ಇರತೈತಿ."

"ಕರೆಂಟ್ ಇಲ್ದ ತಂತಿ ಸುರುಳ್ಯಾಗ ಚುಂಬಕ ಎಲ್ಲಿಂದ ಬರತೈತಲೇ ಹುಚ್ಚಿ? ನನ್ನ ಅಂಗಡ್ಯಾಗ ಸ್ವಿಚ್ ತಗದ್ರ ಎಲ್ಲಾ ಖಲಾಸ್."

"ಕರೆಂಟ್ ಒಳಗ ತಿರಗತಿರತೈತಿ. ಮಷೀನ ಕುಂಡ್ರಿಸಿದಾಗ ಒಮ್ಮೆ ಕೊಟ್ಟಾರ, ಕೊಟ್ಟು ತಂತಿ ಎರಡೂ ತುದಿ ಕೂಡಿಸಿ ಬಿಟ್ಟಾರ. ಅದು ಅವತ್ತಿಂದ ತಿರಗಾಕತ್ತೇತಿ."

ಅದು ನಿಜ. ಆ ತಂತಿ ಹೀಲಿಯಂ ದ್ರವದಲ್ಲಿ ಮುಳುಗಿರುತ್ತದೆ. ನಾವು ಊಹಿಸಲಾಗದಂಥ ಥಂಡಿ. ಆ ಥಂಡಿಯಲ್ಲಿ ತಂತಿ ಕರೆಂಟನ್ನು ತಡೆಯುವುದಿಲ್ಲ, ತಂತಿ ಬಿಸಿಯಾಗುವುದಿಲ್ಲ, ಕರೆಂಟ್ ಸವೆಯುವುದಿಲ್ಲ. ಹೆಚ್ಚಾಗದೆ ಕಡಿಮೆಯಾಗದೆ ಒಂದೇ ಸಮ ಹರಿಯುತ್ತಿರುತ್ತದೆ. ಥಂಡಿ ಕಾಯುವ ಪಂಪು ಮಾತ್ರ ಹಗಲೂ ರಾತ್ರಿ ಚಿಕ್ ಚಿಕ್ ಎನ್ನುತ್ತಿರುತ್ತದೆ. ನಾನಿದನ್ನು ಹೇಳಿದಾಗ ಅವರು ಊಟದ ತಾಟಿನ ಮುಂದೆ ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟರು. "ಏ, ಒಮ್ಮೆ ನೋಡಬೇಕಲೇ ಅದನ್ನ" ಎಂದರು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ತೋರಿಸಿದೆ. ಅವತ್ತು ನಮ್ಮಲ್ಲಿ ಮಷೀನಿಗೂ ಪೂಜೆ. ಆರತಿ ತಟ್ಟೆ ಹಿತ್ತಾಳೆಯದು, ಗಂಟೆ ಹಿತ್ತಾಳೆಯದು, ಸ್ಟೀಲಿನದೇನೂ ಒಳಗೆ ಹೋಗುವ ಹಾಗಿಲ್ಲ. ಮನೆಯವರೆಲ್ಲ ಬಂದು ನೋಡಬಹುದು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಆದರೆ ಬೆರಳಲ್ಲಿ ಉಂಗುರವಿತ್ತು. ಕುದುರೆ ಲಾಳದ ಕಬ್ಬಿಣದ್ದು. ಶನಿಕಾಟ ಶುರುವಾದಾಗ ಅತ್ತೆ ಹಳೇ ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ಕಮ್ಮಾರನ ಮುಂದೆ ಕೂತು ಮಾಡಿಸಿ ಮಗನ ನಡುಬೆರಳಿಗೆ ತೊಡಿಸಿದ್ದರು. ಬರುಬರುತ್ತಾ ಬೆರಳು ದಪ್ಪವಾಗಿ ಉಂಗುರ ಗಂಟಿನ ಮೇಲೆ ಹಾಯುತ್ತಿರಲಿಲ್ಲ. ನಮ್ಮ ಬಾಗಿಲ ಹೊಸ್ತಿಲಲ್ಲೇ ನೆಲದ ಮೇಲೆ ಒಂದು ಹಳದಿ ಗೆರೆ ಎಳೆದಿದೆ. ಕಬ್ಬಿಣ ಇದ್ದವರು ಆ ಗೆರೆ ದಾಟುವಂತಿಲ್ಲ. ನಾನು ಅವರ ರಟ್ಟೆ ಹಿಡಿದು ಗೆರೆಯ ಈಚೆಗೇ ನಿಲ್ಲಿಸಿದೆ. ಅವರು ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಕಣ್ಣು ಮುಚ್ಚಿ ನಿಂತರು.

"ಎಳ್ಯಾಕತ್ತೇತಿ ನೋಡು. ಯಾರೋ ಕೈ ಹಿಡದ ಒಳಗ ಕರದಂಗ ಆಕೈತಿ."

"ಏನೂ ಎಳ್ಯಾಕತ್ತಿಲ್ರಿ. ಇಷ್ಟ ದೂರಕ್ಕ ಅಷ್ಟ ಸಣ್ಣ ಉಂಗುರಕ್ಕ ಏನೂ ಗೊತ್ತಾಗಂಗಿಲ್ಲ."

"ಉಂಗುರ ನನ್ನ ಕೈಯಾಗ ಐತಿ, ನಿನಗೇನ ಗೊತ್ತಾಕೈತಿ?" ಎಂದರು. ನನ್ನ ಜೊತೆ ಕೆಲಸ ಮಾಡುವ ಹಿರಿಯ ಟೆಕ್ನಿಷಿಯನ್ ಒಬ್ಬರು ಬಾಯಿಗೆ ಕರ್ಚೀಫು ಇಟ್ಟುಕೊಂಡು ನಕ್ಕರು.

ಮಾರನೆಯ ದಿನ ಅಂಗಡಿಯಿಂದ ನನಗೊಂದು ಉಡುಗೊರೆ ತಂದರು. ಒಡೆದ ಸ್ಪೀಕರಿನ ಚುಂಬಕ, ಚಕ್ಕುಲಿಯಷ್ಟು ಅಗಲ. ಗಟ್ಟಿ ದಾರ ಕಟ್ಟಿ ಕೊಟ್ಟಿದ್ದರು. "ಬಾಯಿಲೆ ಕೇಳಿದ್ರ ಮಂದಿ ಸುಳ್ಳ ಹೇಳತಾರ. ಇದನ್ನ ಮೈ ಸುತ್ತ ಆಡಿಸು, ಕಬ್ಬಿಣ ಎಲ್ಲಿ ಐತೋ ಅಲ್ಲಿ ವಾಲತೈತಿ." ಅಂದಿನಿಂದ ಇಂದಿನವರೆಗೂ ಅದು ಹೊರಬಾಗಿಲ ಗೂಟಕ್ಕೆ ನೇತಾಡುತ್ತಿದೆ. ಅದೂ ಒಳಗೆ ಹೋಗುವಂತಿಲ್ಲವಲ್ಲ, ಅದಕ್ಕೇ ಉದ್ದ ದಾರದ ತುದಿಯನ್ನು ಗೂಟಕ್ಕೇ ಬಿಗಿದಿದ್ದೇವೆ. ಪಿನ್ನು ಹೊಲಿಗೆಯೊಳಗಿದ್ದರೂ ಅದು ಬಿಡುವುದಿಲ್ಲ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯೂ ಇದೆ. ಅದರಲ್ಲಿ ಅರಿಶಿಣ ಕೊಂಬು ಕಟ್ಟಿದ ದಾರಗಳು. ತಾಳಿ ತೆಗೆಯಲು ಒಪ್ಪದ ಹೆಣ್ಣುಮಕ್ಕಳಿಗೆ ಮೊದಲು ಈ ದಾರ ಕಟ್ಟಿ, ಆಮೇಲೆ ತಾಳಿ ಬಿಚ್ಚಿಸುವುದು. ಕೊರಳು ಒಂದು ಕ್ಷಣವೂ ಬರಿದಾಗುವುದಿಲ್ಲ. ಅರಿಶಿಣಕ್ಕೂ ಚುಂಬಕಕ್ಕೂ ಸಂಬಂಧವಿಲ್ಲ, ಎಲ್ಲರ ಕೆಲಸವೂ ಆಗುತ್ತದೆ. ನಾನೇ ಕೂತು ಕಟ್ಟಿ ಇಡುತ್ತಿದ್ದೆ. ಗಂಡ ಹೋದ ನಂತರ ನಾನು ಕೆಲಸಕ್ಕೆ ಮರಳಿದ ಮೇಲೆ, ಒಬ್ಬ ಹಿರಿಯಾಕೆ ತಮ್ಮ ಸೊಸೆಯ ಕೊರಳಿಗೆ ನಾನು ದಾರ ತಂದಾಗ ನನ್ನ ಹಣೆ ನೋಡಿ, "ನೀವು ಬ್ಯಾಡ್ರಿ, ಬ್ಯಾರೆ ಯಾರರ ಇದ್ರ ಕಳಸ್ರಿ" ಎಂದರು. ನಾನು ಡಬ್ಬಿಯನ್ನು ಅವರ ಕೈಗೇ ಕೊಟ್ಟು ಬಂದೆ. ಸಿಟ್ಟು ಬರಬೇಕಾಗಿತ್ತು. ದುಃಖವಾದರೂ ಬರಬೇಕಾಗಿತ್ತು. ಬರಲಿಲ್ಲ. ಅಂದಿನಿಂದ ಡಬ್ಬಿಯನ್ನು ಮೇಜಿನ ಮೇಲಿಟ್ಟು "ನೀವ ಕಟಗೋರಿ" ಎಂದು ಹೇಳುವ ರೂಢಿ ಮಾಡಿಕೊಂಡೆ.

ಅವರು ಹೋದದ್ದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ, ತಂತಿ ಸುತ್ತುತ್ತ ಕೂತಲ್ಲಿಯೇ. ಎದೆ ಹಿಡಿದುಕೊಂಡರಂತೆ, ಅಷ್ಟೆ. ನಾನು ಅವತ್ತು ಬೆಳಗಿನ ಪಾಳಿಗೆ ಅವರು ಏಳುವ ಮುಂಚೆಯೇ ಹೋಗಿದ್ದೆ. ದವಾಖಾನೆಯಲ್ಲಿ ಬಿಳಿ ಬಟ್ಟೆ ಸರಿಸಿ ನೋಡಿದಾಗ ನನ್ನ ಕಣ್ಣು ಮೊದಲು ಹೋದದ್ದು ಕೈಗೆ. ಉಂಗುರ ಇರಲಿಲ್ಲ. ನಡುಬೆರಳ ಸುತ್ತ ಬಿಸಿಲು ಕಾಣದ ಬಿಳಿ ಗೆರೆಯೊಂದಿತ್ತು. ಹೆಣದ ಕೈಯಲ್ಲಿ ಕಬ್ಬಿಣದ ಉಂಗುರ ಕೂಡ ಬಿಡಲಿಲ್ಲವಲ್ಲ ಈ ದವಾಖಾನೆಯವರು ಎಂದುಕೊಂಡೆ. ಒಂದಿಬ್ಬರನ್ನು ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಗೋಪನಕೊಪ್ಪದ ನಮ್ಮ ಮನೆ ಮುಂದೆ ಜನ ನೆರೆದರು, ಮಣ್ಣು ಮಾಡಿ ಬಂದರು. ನಾನು ಅಳಲಿಲ್ಲ. ಅಳು ಬರಲಿ ಎಂದು ಕಾದೆ. ಓಣಿಯ ಹೆಣ್ಣುಮಕ್ಕಳು ನನ್ನ ಮುಖ ನೋಡುತ್ತಿದ್ದರು. ನೀರು ಕುಡಿಸಿದರು, ಬೆನ್ನು ತಟ್ಟಿದರು, "ಅತ್ತ ಬಿಡವಾ, ಹಗರ ಆಕೈತಿ" ಎಂದರು. ನನಗೆ ಬೆನ್ನ ಮೇಲೆ ಅವರ ಕೈ ಬಿದ್ದದ್ದು ಮಾತ್ರ ತಿಳಿಯುತ್ತಿತ್ತು.

ಆಮೇಲೆ ಹಾಗೇ ನಡೆಯಿತು. ಏಳುವುದು, ರೊಟ್ಟಿ ತಟ್ಟುವುದು, ಪಾಳಿಗೆ ಹೋಗುವುದು, ಬರುವುದು. ಆ ಹೀಲಿಯಂ ಒಳಗಿನ ತಂತಿಯ ಹಾಗೆ ಇದ್ದೆ ನಾನು. ತಡೆ ಇಲ್ಲ, ಬಿಸಿ ಇಲ್ಲ.

ಮನೆಯಲ್ಲಿ ಉಳಿದದ್ದು ನಾವಿಬ್ಬರು, ಅತ್ತೆ ಮತ್ತು ನಾನು. ನಮಗೆ ಮಕ್ಕಳಾಗಿರಲಿಲ್ಲ. ಮಾವ ಬಹಳ ಹಿಂದೆಯೇ ಹೋದವರು. ಮೊದಲೆಲ್ಲ ಪ್ರತಿ ರವಿವಾರ ನಾನು ಅತ್ತೆಯ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅವರು ನೆಲದ ಮೇಲೆ ಕೂತು, ನನ್ನ ಮೊಣಕಾಲಿಗೆ ಒರಗಿ, ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದರು. ಮಗ ಹೋದ ಮೇಲೆ ಅವರು ತಲೆ ಮುಟ್ಟಲು ಬಿಡಲಿಲ್ಲ. "ನಾನ ಹಚಗೋತೇನಿ ಬಿಡು" ಎಂದು ಬಚ್ಚಲುಮನೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ತುರುಬನ್ನು ಬಿಗಿಯಾಗಿ ಕಟ್ಟಿಕೊಂಡೇ ಹೊರಗೆ ಬರುತ್ತಿದ್ದರು. ಮಗ ಸತ್ತಾಗ ಅಳದ ಸೊಸೆಯ ಕೈ ಅವರಿಗೆ ಬೇಡವಾಗಿದೆ ಎಂದು ನಾನು ತಿಳಿದೆ. ಅದೂ ಸರಿಯೇ ಎನಿಸಿತು. ಕೇಳಲಿಲ್ಲ.

ಹೋದ ವರ್ಷ ಅವರ ಕಣ್ಣು ಕೆಡಲಾರಂಭಿಸಿತು. ಎದುರಿಗಿದ್ದದ್ದು ಕಾಣುತ್ತಿತ್ತು, ಬಗಲಿನದು ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುವರು, ಪಕ್ಕದಲ್ಲಿ ಇಟ್ಟ ಚಹಾದ ಕಪ್ಪು ಕೆಡವುವರು. "ಯಾರಲೇ ಇಲ್ಲಿ ಇಟ್ಟಾಕಿ?" ಎಂದು ನನಗೇ ಬೈಯುವರು. ಕಣ್ಣಿನ ಡಾಕ್ಟರು ನೋಡಿ ತಲೆಯ ಡಾಕ್ಟರ ಕಡೆ ಕಳಿಸಿದರು. ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಮಿದುಳಿನ ಕೆಳಗೆ ಒಂದು ಗಂಟು ಬೆಳೆದು ಕಣ್ಣಿನ ನರವನ್ನು ಒತ್ತುತ್ತಿರಬಹುದು. ಇದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ಆದರೆ ಸ್ಕ್ಯಾನ್ ಆಗದೆ ಯಾರೂ ಕತ್ತರಿ ಹಿಡಿಯುವುದಿಲ್ಲ, ತಡವಾದಷ್ಟು ದೃಷ್ಟಿ ಹೋಗುತ್ತ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ.

ನಮ್ಮ ಸೆಂಟರಿನಲ್ಲೇ ಹೆಸರು ಬರೆಸಿದೆ. ಆ ದಿನ ನನ್ನ ಪಾಳಿ ಇರಲಿಲ್ಲ, ಹಿರಿಯ ಟೆಕ್ನಿಷಿಯನ್ನರು ಇದ್ದರು. ಅತ್ತೆ ಗೌನ್ ಹಾಕಿಕೊಂಡರು, ಬೆಂಡೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ಎಲ್ಲ ಛಲೋ ನಡೆಯಿತು. ಟೆಕ್ನಿಷಿಯನ್ನರು "ಅಜ್ಜಿ, ತುರುಬ ಒಂಚೂರ ಸಡಲ ಮಾಡ್ರಿ, ಪಿನ್ನ ಇದ್ರ ತಗೀಬೇಕು" ಎಂದದ್ದೇ ತಡ, ಅತ್ತೆ ಎರಡೂ ಕೈಯಿಂದ ತುರುಬು ಹಿಡಿದುಕೊಂಡು ಎದ್ದುಬಿಟ್ಟರು. ಉಸಿರು ಕಟ್ಟುತ್ತದೆ, ಆ ಗವಿಯೊಳಗೆ ನಾ ಹೋಗುವುದಿಲ್ಲ ಎಂದರು. ಹೆದರುವವರು ಬಹಳ ಜನ ಇರುತ್ತಾರೆ. ನಾವೂ ಹಾಗೇ ಎಂದುಕೊಂಡು ಹೊರಟು ಬಂದೆವು.

ಮನೆಗೆ ಬಂದ ಮೇಲೆ ದಿನವೂ ಅದೇ ಜಗಳ. ಔಷಧ ಕೊಟ್ಟು ಮಲಗಿಸಿ ಮಾಡುತ್ತಾರೆ ಎಂದೆ, ಬೇಡ ಎಂದರು. ನಾನೇ ಕೈ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ ಎಂದೆ, ಬೇಡ ಎಂದರು. ಅಷ್ಟರಲ್ಲಿ ಅವರಿಗೆ ತಾಟಿನ ಅಂಚಿನಲ್ಲಿ ಬಡಿಸಿದ ಪಲ್ಯ ಕಾಣದಾಯಿತು. ನಡುವೆ ಇದ್ದ ರೊಟ್ಟಿಯನ್ನಷ್ಟೇ ಮುರಿದು ತಿಂದು ಏಳುತ್ತಿದ್ದರು. ನಾನು ತಾಟು ತಿರುಗಿಸಿ ಇಟ್ಟರೆ, "ಅಯ್ಯ, ಪಲ್ಯಾ ಮಾಡಿದ್ದೇನು?" ಎಂದು ಕೇಳುವರು. ಅಂದು ಕೂಡ ನನಗೆ ಏನೂ ಆಗಲಿಲ್ಲ. ಕಣ್ಣು ಹೋಗುತ್ತವೆ, ಹೋಗಬಾರದು, ಇದು ಮಾಡಬೇಕಾದ ಕೆಲಸ ಎಂಬ ತಿಳುವಳಿಕೆ ಮಾತ್ರ ಇತ್ತು. ಆ ತಿಳುವಳಿಕೆಯಿಂದಲೇ ಒಂದು ಮುಂಜಾನೆ ರಿಕ್ಷಾ ಕರೆದು, ಬೈದು, ಹತ್ತಿಸಿಕೊಂಡು, ನನ್ನ ಪಾಳಿಯ ಹೊತ್ತಿಗೇ ಕರೆತಂದೆ.

ಬಾಗಿಲಲ್ಲಿ ನಿಲ್ಲಿಸಿ ಎಲ್ಲರಿಗೆ ಕೇಳುವ ಹಾಗೇ ಕೇಳಿದೆ. "ಮೈಮ್ಯಾಗ ಕಬ್ಬಿಣ ಏನರ ಐತೇನ್ರಿ ಅತ್ತಿ?"

"ಇಲ್ಲ."

ಗೂಟಕ್ಕೆ ನೇತುಬಿಟ್ಟ ಸ್ಪೀಕರಿನ ಚುಂಬಕವನ್ನು ದಾರ ಹಿಡಿದು ಅವರ ಸುತ್ತ ಆಡಿಸಿದೆ. ಕಾಲು, ಸೊಂಟ, ಎದೆ, ಭುಜ. ದಾರ ನೆಟ್ಟಗೆ ಇತ್ತು. ಕಿವಿಯ ಹಿಂದೆ ಬಂದಾಗ ಚುಂಬಕ ಒಮ್ಮೆಲೆ ವಾಲಿ ತುರುಬಿಗೆ ಹೋಗಿ ಅಂಟಿಕೊಂಡಿತು. ಪಿನ್ನಿಗೆ ಹಾಗೆ ಅಂಟುವುದಿಲ್ಲ, ಪಿನ್ನು ಸಣ್ಣದು. ಇದು ಗಟ್ಟಿ ಕಬ್ಬಿಣ.

"ಏನೈತ್ರಿ ಒಳಗ?"

"ಏನಿಲ್ಲ. ನಾ ಮನಿಗೆ ಹೊಕ್ಕೇನಿ, ರಿಕ್ಷಾ ಕರಿ."

ನಾನು ಬಾಯಿ ಹರಿಬಿಟ್ಟೆ. "ಕಣ್ಣು ಹೊಕ್ಕಾವ್ರಿ, ಕಣ್ಣು! ಕುರುಡಿ ಆಗಿ ಕುಂಡ್ರತೀರೇನು? ನಾ ಪಾಳಿಗೆ ಬಂದ್ರ ನಿಮ್ಮನ್ನ ಬಚ್ಚಲಕ್ಕ ಕರಕೊಂಡ ಹೋಗೋರ ಯಾರು? ಕೈ ಹಿಡದ ನಡಸೋರ ಯಾರು? ಹಠಾ ಹಿಡ್ಯಾಕ ಒಂದ ಮಿತಿ ಬ್ಯಾಡೇನು?" ಹೊರಗಿನ ಬೆಂಚಿನ ಮೇಲೆ ಕೂತ ಪೇಷಂಟುಗಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾನು ಅವರ ತುರುಬಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಆಮೇಲೆ ಅವರೇ ನನ್ನ ಕೈ ಬಿಟ್ಟು, ತುರುಬು ಬಿಚ್ಚಿ, ಕೂದಲೊಳಗಿಂದ ಕರಿದಾರ ಸುತ್ತಿದ ಒಂದು ಗಂಟು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದರು.

ಕುದುರೆ ಲಾಳದ ಉಂಗುರ.

"ಇದು ಅವರದಲ್ಲೇನ್ರಿ?"

"ಹೂಂ. ಅವಂದ."

"ದವಾಖಾನ್ಯಾಗ ಯಾರೋ ತಗೊಂಡಾರ ಅಂತ ತಿಳಿದಿದ್ನಿ ನಾ."

"ಯಾರೂ ತಗೊಂಡಿಲ್ಲ. ನಾನ ತಗದೆ. ಆವತ್ತ ಮುಂಜಾನಿ. ಶನಿಕಾಟ ಮುಗೀತು ಅಂತ ಪಂಚಾಂಗ ನೋಡೋ ಅಯ್ಯಾರು ಹೇಳಿದ್ರು. ತಗಿಯೋ ಇನ್ನ ಅಂದೆ. ಬರವಲ್ದಾಗಿತ್ತು. ಸಾಬಾಣ ಹಚ್ಚಿ ನಾನ ಎಳದೆ. ಅಂವ ನಕ್ಕೋತ, ಬೆರಳ ಕಿತ್ತಬಿಟ್ಟಿ ಯವ್ವಾ ಅಂತ ಅನ್ಕೋತ ಹೋದ. ಮಧ್ಯಾಹ್ನ ಸುದ್ದಿ ಬಂತು."

"ನನ್ನ ಮುಂದ ಹೇಳಬಾರದಾಗಿತ್ತೇನ್ರಿ?"

"ಏನಂತ ಹೇಳಲಿ? ನಿನ್ನ ಗಂಡನ್ನ ನಾನ ಕಳಿಸಿದೆ ಅಂತ ಹೇಳಲೇನು?"

ನನ್ನ ಗಂಡನ ಎದೆಯ ರಕ್ತನಾಳ ಕಟ್ಟಿಕೊಂಡಿತ್ತು, ಬೆರಳಿನ ಉಂಗುರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಇದು ನನಗೆ ಗೊತ್ತು. ಕಬ್ಬಿಣದೊಳಗೆ ಏನಿರುತ್ತದೆ ಎಂಬುದೂ ಗೊತ್ತು. ಸಂತೆಯ ಜನರಂತೆ ದಿಕ್ಕಿಗೊಂದು ಮುಖ ಮಾಡಿಕೊಂಡ ಸಣ್ಣ ಸಣ್ಣ ಚುಂಬಕಗಳು ಇರುತ್ತವೆ, ದೊಡ್ಡ ಚುಂಬಕ ಎದುರಿಗೆ ಬಂದರೆ ಎಲ್ಲವೂ ಒಂದೇ ಕಡೆ ತಿರುಗುತ್ತವೆ, ಅದಕ್ಕೇ ಕಬ್ಬಿಣ ಎಳೆದುಕೊಂಡು ಹೋಗುತ್ತದೆ. ಅದರಲ್ಲಿ ಶನಿಯೂ ಇಲ್ಲ, ಸಾವೂ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಸಡಿಲಾದ ಕರಿದಾರವನ್ನು ಉಂಗುರಕ್ಕೆ ಮತ್ತೆ ಬಿಗಿಯಾಗಿ ಸುತ್ತುತ್ತಿದ್ದರು. ಬಾಯಿ ಮುಚ್ಚಿದೆ.

"ಆತು. ಈಗ ನನ್ನ ಕಡೆ ಕೊಡ್ರಿ. ಅರ್ಧಾ ತಾಸಿನ ಮಾತು. ಹೊರಗ ಬಂದಕೂಡ್ಲೆ ಹೊಳ್ಳಿ ಕೊಡತೇನಿ."

ಅವರು ಮುಷ್ಟಿ ಬಿಗಿ ಹಿಡಿದರು. "ಒಮ್ಮೆ ತಗದೆ, ಮಗಾ ಹೋದ. ಈಗ ತಗದ್ರ ಯಾರ ಹೊಕ್ಕಾರ? ಮನ್ಯಾಗ ಯಾರ ಉಳದಾರ ಹೇಳು. ನೀ ಒಬ್ಬಾಕಿ ಉಳದೀ."

ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

"ಕಣ್ಣ ಹೋದ್ರ ಹೋಗ್ಲಿ" ಎಂದರು. "ನೀ ಇದ್ರ ಕೈ ಹಿಡದ ನಡಸ್ತೀ. ನೀನ ಇರದಿದ್ರ ಈ ಕಣ್ಣ ತಗೊಂಡ ನಾ ಯಾರನ್ನ ನೋಡ್ಲಿ?"

ಇಷ್ಟು ದಿನ ಅವರು ಕುರುಡಾಗುತ್ತಾ ಬಂದದ್ದು ನನಗಾಗಿ. ತುರುಬು ಮುಟ್ಟಗೊಡದೆ ಇದ್ದದ್ದು, ಬಚ್ಚಲ ಬಾಗಿಲು ಹಾಕಿಕೊಂಡದ್ದು, ಎಲ್ಲವೂ. ನಾನು ಅದನ್ನು ಸಿಟ್ಟು ಎಂದುಕೊಂಡು, ಸರಿಯೇ ಎಂದುಕೊಂಡು, ರೊಟ್ಟಿ ತಟ್ಟಿಕೊಂಡು ಇದ್ದೆ. ಯಾರಿಗೂ ಬೇಡವಾದವಳ ಹಾಗೆ ಓಡಾಡಿಕೊಂಡಿದ್ದೆ.

"ಹಂಗಾರ ಒಂದ ಕೆಲಸ ಮಾಡೂಣ್ರಿ" ಎಂದೆ. "ನಿಮಗ ನನ್ನ ಚಿಂತಿ ಅಲಾ? ಇದನ್ನ ನಾನ ಹಾಕ್ಕೊಂತೇನಿ. ನನ್ನ ಮೈಮ್ಯಾಗ ಕಬ್ಬಿಣ ಇದ್ರ ನನಗ ಯಾರೇನ ಮಾಡತಾರ?"

ಅತ್ತೆ ಯೋಚನೆ ಮಾಡಿದರು. ಆ ಸಣ್ಣಗಾಗುತ್ತಿದ್ದ ನೋಟದಲ್ಲಿ ನನ್ನ ಮುಖವನ್ನು ಹುಡುಕಿ, ನಡುವೆ ಇಟ್ಟುಕೊಂಡು ನೋಡಿದರು. "ನಾ ಹೊರಗ ಬರೂತನಕ ತಗೀಬಾರದು ಮತ್ತ."

"ತಗ್ಯಂಗಿಲ್ರಿ."

"ಬಚ್ಚಲಕ್ಕ ಹೋದ್ರೂ ತಗೀಬಾರದು."

"ಇಲ್ರೀ ಅತ್ತಿ."

ಕರಿದಾರವನ್ನು ಹಲ್ಲಿನಿಂದ ಕಡಿದು, ಉಂಗುರವನ್ನು ಅವರೇ ನನ್ನ ಬೆರಳಿಗೆ ತೊಡಿಸಲು ನೋಡಿದರು. ಎಲ್ಲ ಬೆರಳಿಗೂ ಸಡಿಲವಾಯಿತು. ಕೊನೆಗೆ ಹೆಬ್ಬೆರಳಿಗೆ ಹಾಕಿ, ಮುಷ್ಟಿ ಮಾಡಿಸಿ, ಮೇಲೊಂದು ಏಟು ತಟ್ಟಿದರು. ಅದಕ್ಕೆ ಕೊಬ್ಬರಿ ಎಣ್ಣೆಯ ವಾಸನೆ ಇತ್ತು.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಕಾಯಿಸುವುದಿಲ್ಲ. ಗಂಟು ಇತ್ತು. ಮೂಗಿನ ದಾರಿಯಿಂದ ಆಪರೇಷನ್ ಮಾಡಿ ತೆಗೆದರು. ಎಡಗಣ್ಣಿನ ಬಗಲು ಸುಮಾರಾಗಿ ತಿರುಗಿ ಬಂತು, ಬಲಗಣ್ಣಿನದು ಬರಲಿಲ್ಲ. ಬಲಕ್ಕೆ ಇಟ್ಟ ಚಹಾ ಈಗಲೂ ಚೆಲ್ಲುತ್ತದೆ, ಈಗಲೂ ನನಗೇ ಬೈಯುತ್ತಾರೆ. ರವಿವಾರ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ಉಂಗುರ ನನ್ನ ಹತ್ತಿರವೇ ಇದೆ. ಕೆಲಸದ ಹೊತ್ತಿನಲ್ಲಿ ಅದನ್ನು ಅತ್ತೆಯ ಕೈಗೆ ಕೊಟ್ಟು ಬರುತ್ತೇನೆ. ಇಬ್ಬರಲ್ಲಿ ಒಬ್ಬರ ಮೈಮೇಲೆ ಇದ್ದರೆ ಸಾಕು ಎಂದು ನಮ್ಮಲ್ಲಿ ಒಪ್ಪಂದವಾಗಿದೆ. ನಾನು ಅದನ್ನು ನಂಬುವುದಿಲ್ಲ, ಮುರಿಯುವುದೂ ಇಲ್ಲ.

ಆ ಮುಂಜಾನೆ ಅತ್ತೆ ಕೂದಲು ಬಿಚ್ಚಿಕೊಂಡು, ಬರಿಮೈಯಾದವರಂತೆ ಎರಡೂ ಕೈ ಎದೆಗೆ ಅಡ್ಡ ಹಿಡಿದು ನಿಂತಿದ್ದರು. ನಾನು ರೂಢಿಯಂತೆ ಅವರ 
ತೋಳು ಹಿಡಿದು ಒಳಗೆ ಕರೆದೊಯ್ಯಲು ಬಾಗಿಲು ತೆರೆದೆ. ಹಿರಿಯ ಟೆಕ್ನಿಷಿಯನ್ನರು ಆಗ ತಾನೇ ಕಂಪ್ಯೂಟರಿನ ಕೋಣೆಯಿಂದ ಹೊರಗೆ ಬಂದಿದ್ದರು. ನನ್ನ ಹೆಬ್ಬೆರಳು ಅವರ ಕಣ್ಣಿಗೆ ಬಿತ್ತು. ತಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಗದರಲಿಲ್ಲ. ನಾವಿಬ್ಬರೂ ದಿನಾ ಕೇಳುವ ಮಾತನ್ನೇ, ಅದೇ ರಾಗದಲ್ಲಿ ಕೇಳಿದರು.

"ಅಕ್ಕಾರ, ಮೈಮ್ಯಾಗ ಕಬ್ಬಿಣ ಏನರ ಐತೇನ್ರಿ?"

ಎಷ್ಟೋ ಸಾವಿರ ಜನ ಇಲ್ಲ ಎಂದದ್ದನ್ನು ಕೇಳಿದವಳು ನಾನು. ಅತ್ತೆಯ ತೋಳನ್ನು ಅವರ ಕೈಗೆ ಒಪ್ಪಿಸಿದೆ. ಅವರು ಒಳಗೆ ಕರೆದುಕೊಂಡು ಹೋದರು. ಅತ್ತೆ ಒಮ್ಮೆ ತಿರುಗಿ ನನ್ನ ಕೈ ನೋಡಿದರು, ನಾನು ಮುಷ್ಟಿ ಎತ್ತಿ ತೋರಿಸಿದೆ. ಹಳದಿ ಗೆರೆಯ ಈಚೆ, ಪೂಜೆಯ ದಿನ ನನ್ನ ಗಂಡ ಕಣ್ಣು ಮುಚ್ಚಿ ಕೈ ಚಾಚಿ ನಿಂತ ಜಾಗದಲ್ಲಿ ನಾನು ನಿಂತಿದ್ದೆ. ಅಷ್ಟು ದೂರಕ್ಕೆ ಅಷ್ಟು ಸಣ್ಣ ಉಂಗುರಕ್ಕೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗಲೂ ಇಲ್ಲ. ಆದರೆ ನನಗೆ ಅಳು ಬಂದಿತ್ತು. ಬೆಂಚಿನ ಮೇಲಿನ ಜನರೆಲ್ಲ ನೋಡುವ ಹಾಗೆ, ಮೂಗು ಸೋರುವ ಹಾಗೆ, ದನಿ ತೆಗೆದು ಅತ್ತುಬಿಟ್ಟೆ. ಅಳುತ್ತಲೇ, ಒಳಗೆ ಹೋದ ಟೆಕ್ನಿಷಿಯನ್ನರ ಪ್ರಶ್ನೆಗೆ ಈಗ ಉತ್ತರ ಹೇಳಿದೆ.

"ಐತ್ರಿ" ಎಂದೆ. "ನನ್ನ ಮೈಮ್ಯಾಗ ಐತಿ."